ಇಂದಿನ ಧಮ್ಮ ಚಿಂತನೆ: ದೀಕ್ಷೆ ತಗೊಂಡ ಮೇಲೂ ಭಯ ಯಾಕೆ?

ಇವತ್ತಿನ ಚಿಂತನೆ ಸ್ವಲ್ಪ ಉದ್ದವಿದೆ. ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಇದು ಮುಗಿಯುವುದಿಲ್ಲ, ಬಿಡುವಾದಾಗ ಓದಿ. ನಮ್ಮ ಬಳಗದಲ್ಲೇ ಎದ್ದ ಒಂದು ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಬರೆಯಲು ಕೂತಿದ್ದೇನೆ. ಬೌದ್ಧರಾದವರಿಗೆ ಭಯ ಯಾಕಿರಬೇಕು ಎಂಬುದು ಆ ಪ್ರಶ್ನೆ.

ಕೇಳಿದವರು ನಮ್ಮ ಹಿರಿಯ ಉಪಾಸಕರೊಬ್ಬರು. ಹೋದ ಹುಣ್ಣಿಮೆಯ ನಂತರದ ಭಾನುವಾರ ನಾವು ಹದಿನೈದು ಇಪ್ಪತ್ತು ಜನ ಚಂದ್ರವಳ್ಳಿಗೆ ಹೋಗಿದ್ದೆವಲ್ಲ, ಅಲ್ಲಿ. ಕೆರೆ ದಂಡೆಯಲ್ಲಿ ವಂದನೆ ಮುಗಿಸಿ, ಬುತ್ತಿ ಉಂಡು, ಬಂಡೆಯ ಮೇಲಿನ ಮಯೂರಶರ್ಮನ ಶಾಸನ ನೋಡಿದೆವು. ಮೂರೇ ಸಾಲಿನ ಪ್ರಾಕೃತ ಶಾಸನ, ಕದಂಬರ ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ ಎಂಬ ಸಂಗತಿ ಅದರಲ್ಲಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಶಾತವಾಹನರ ಕಾಲದ ಊರಿನ ಕುರುಹು ಸಿಕ್ಕಿದ್ದನ್ನೂ ಮಕ್ಕಳಿಗೆ ಹೇಳಿದೆ. ಆಮೇಲೆ ಅಂಕಲಿ ಮಠದ ಗುಹೆಗಳಿಗೆ ಇಳಿಯುವ ಸರದಿ. ನೋಡಿದವರಿಗೆ ಗೊತ್ತು, ಅದು ನೆಲದ ಕೆಳಗಿನ ಲೋಕ. ಬಗ್ಗಿ ಇಳಿಯಬೇಕು, ಟಾರ್ಚ್ ಆರಿಸಿದರೆ ನಮ್ಮ ಕೈ ನಮಗೇ ಕಾಣುವುದಿಲ್ಲ, ಸಣ್ಣ ಸಣ್ಣ ಕೋಣೆ, ಒಂದರಿಂದ ಇನ್ನೊಂದಕ್ಕೆ ಕಿರಿದಾದ ದಾರಿ.

ಎಲ್ಲರೂ ಇಳಿದರು. ಹೊಸದುರ್ಗದ ಕಡೆಯ ನಮ್ಮ ಒಬ್ಬ ತಂಗಿ ಮಾತ್ರ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು, ಕೈ ನಡುಗುತ್ತಿತ್ತು. ಆಗ ಆ ಅಣ್ಣ ನಗುತ್ತಲೇ ಅಂದರು: "ಏನಮ್ಮಾ, ದೀಕ್ಷೆ ತಗೊಂಡಿದೀಯ, ದೆವ್ವ ಭೂತ ನಂಬಲ್ಲ ಅಂತೀಯ, ಇನ್ನೂ ಭಯ ಹೋಗಿಲ್ವಾ?" ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ಬರೆಯುತ್ತೇನೆಂದು ಅವರಿಗೂ ಹೇಳಿದ್ದೇನೆ, ಆ ತಂಗಿಯ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಹಿಂದಿರುಗುವಾಗ ಅವಳು ನನ್ನ ಪಕ್ಕ ಕೂತು ಹೇಳಿದಳು. "ಅಕ್ಕಾ, ಒಳಗೆ ಏನೂ ಇಲ್ಲ ಅಂತ ನಂಗೂ ಗೊತ್ತೈತೆ. ಎದೆ ಕೇಳಲ್ಲ, ಏನ್ ಮಾಡ್ಲಿ?" ಗುಹೆಗೆ ಇಳಿಯದಿದ್ದರೆ ಏನೂ ನಷ್ಟವಿಲ್ಲ, ಬಿಡಿ. ಆದರೆ ಅವಳಿಗೆ ಬಹಳ ದಿನದಿಂದ ತಲೆನೋವು. ಡಾಕ್ಟರು ಎಂಆರ್‌ಐ ಸ್ಕ್ಯಾನ್ ಬರೆದುಕೊಟ್ಟು ಐದು ತಿಂಗಳಾಗಿದೆ. ಎರಡು ಸಲ ಹೋಗಿದ್ದಾಳೆ. ಆ ಕೊಳವೆಯೊಳಗೆ ತಲೆ ಹೋಗುವಷ್ಟರಲ್ಲಿ ಉಸಿರು ಕಟ್ಟಿದಂತಾಗಿ, ಸತ್ತೇ ಹೋಗುತ್ತೇನೆ ಅನ್ನಿಸಿ, ಎದ್ದು ಬಂದಿದ್ದಾಳೆ. ಅತ್ತೆ ತಾಯಿತ ಕಟ್ಟಿಸೋಣ ಅಂದರಂತೆ. ಇವಳು ಬೇಡ ಅಂದಳು. ಗಂಡ ಒಳ್ಳೆಯವನು, "ಬಿಡು, ಸ್ಕ್ಯಾನೇ ಬ್ಯಾಡ, ಮಾತ್ರೆಲೇ ಹೋಗುತ್ತೆ" ಅಂದ. ತಾಯಿತ ಕಟ್ಟಿಸಿಕೊಳ್ಳದ ಧೈರ್ಯ ಅವಳಲ್ಲಿತ್ತು. ಸ್ಕ್ಯಾನ್ ಕೊಳವೆಯಲ್ಲಿ ಮಲಗುವ ಧೈರ್ಯ ಇರಲಿಲ್ಲ. "ಬಾಬಾಸಾಹೇಬರ ಹೆಸರಿಗೆ ಕಳಂಕ ತಂದೆ ಅನ್ಸುತ್ತೆ ಅಕ್ಕಾ" ಅಂದಳು. ಈ ಮಾತೇ ನನ್ನನ್ನು ಬರೆಯಲು ಕೂರಿಸಿದ್ದು.

ಮೊದಲು ಒಂದು ಗಂಟು ಬಿಡಿಸೋಣ. ನಂಬಿಕೆ ಬೇರೆ, ಭಯ ಬೇರೆ. ದೆವ್ವ ಇದೆ ಎಂದು ನಂಬಿ ಹೆದರುವುದು ಒಂದು. ಏನೂ ಇಲ್ಲ ಎಂದು ಪೂರ್ತಿ ತಿಳಿದೂ ಹೆದರುವುದು ಇನ್ನೊಂದು. ಮೊದಲನೆಯದಕ್ಕೆ ವಿಚಾರ ಮದ್ದು. ಎರಡನೆಯದಕ್ಕೆ ಫೋಬಿಯಾ ಎಂದು ಹೆಸರು, ಅದಕ್ಕೆ ಬರೀ ವಿಚಾರ ಸಾಲದು. ಮುಚ್ಚಿದ ಜಾಗ, ಎತ್ತರ, ನಾಯಿ, ಹಲ್ಲಿ, ಸೂಜಿ, ಜನರ ಮುಂದೆ ಮಾತಾಡುವುದು, ಹೀಗೆ ಯಾವುದೋ ಒಂದರ ಬಗ್ಗೆ ಅಪಾಯಕ್ಕೆ ಮೀರಿದ ಭಯ, ಅದೂ ಸಾಮಾನ್ಯವಾಗಿ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದು, ಬದುಕಿಗೆ ಅಡ್ಡಿಯಾದರೆ ವೈದ್ಯರು ಅದನ್ನು ಫೋಬಿಯಾ ಅನ್ನುತ್ತಾರೆ. ಬಹುತೇಕ ದೊಡ್ಡವರಿಗೆ ತಮ್ಮ ಭಯಕ್ಕೆ ಅರ್ಥವಿಲ್ಲ ಎಂದು ಗೊತ್ತಿರುತ್ತದೆ. ಗೊತ್ತಿರುವುದೇ ಅವರ ಸಂಕಟ. "ಅದರಲ್ಲೇನಿದೆ ಹೆದರೋಕೆ" ಎಂದು ನಾವು ಅವರಿಗೆ ಹೇಳುವುದು, ಜ್ವರ ಬಂದವನಿಗೆ ನಿನ್ನ ಮೈ ಬಿಸಿಯಾಗಿದೆ ಎಂದು ಹೇಳಿದ ಹಾಗೆ.

ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳನ್ನು ನಾವೆಲ್ಲ ಬಾಯಿಪಾಠ ಹೇಳುತ್ತೇವೆ. ಅವುಗಳಲ್ಲಿ "ನಾನು ಹೆದರುವುದಿಲ್ಲ" ಎಂಬುದು ಒಂದೂ ಇಲ್ಲ. ಅಷ್ಟಾಂಗ ಮಾರ್ಗದಲ್ಲಿ ನಡೆಯುತ್ತೇನೆ, ಹತ್ತು ಪಾರಮಿತೆಗಳನ್ನು ಪಾಲಿಸುತ್ತೇನೆ ಎಂದಿದೆ. ಅವೆಲ್ಲ ಮಾಡುವ ಕೆಲಸಗಳು. ಮಾಡುತ್ತಾ ಮಾಡುತ್ತಾ ಬರುವಂಥವು. ಪ್ರತಿಜ್ಞೆ ಹೇಳಿದ ಸಂಜೆಯೇ ನಮ್ಮ ಎದೆಬಡಿತ ಬದಲಾಗಬೇಕೆಂದು ಯಾರೂ ಕೇಳಿಲ್ಲ.

ಅಂಗುತ್ತರ ನಿಕಾಯದಲ್ಲಿ ರೋಗ ಸುತ್ತ ಎಂದೊಂದು ಸಣ್ಣ ಸುತ್ತವಿದೆ. ರೋಗಗಳು ಎರಡು, ದೇಹದ್ದೊಂದು, ಮನಸ್ಸಿನದೊಂದು ಎನ್ನುತ್ತಾರೆ ಭಗವಾನರು. ದೇಹದ ರೋಗವಿಲ್ಲದೆ ಒಂದು ವರ್ಷ, ಹತ್ತು ವರ್ಷ, ನೂರು ವರ್ಷ ಇದ್ದೇನೆ ಎನ್ನುವವರು ಸಿಕ್ಕಾರು. ಮನಸ್ಸಿನ ರೋಗವಿಲ್ಲದೆ ಒಂದು ಕ್ಷಣ ಇರುವವರು, ಆಸವಗಳನ್ನು ಕಳೆದುಕೊಂಡವರ ಹೊರತು, ಸಿಗುವುದು ಕಷ್ಟ ಎನ್ನುತ್ತಾರೆ. ಅಂದರೆ ನಾನು, ನೀವು, ಆ ಅಣ್ಣ, ಈ ತಂಗಿ ಎಲ್ಲರೂ ಒಂದೇ ವಾರ್ಡಿನಲ್ಲಿ ಮಲಗಿದವರು. ಹಾಸಿಗೆ ಬೇರೆ ಅಷ್ಟೆ. ಹಾಗಿರುವಾಗ ಒಬ್ಬರ ಕಾಯಿಲೆಗೆ ಇನ್ನೊಬ್ಬರು ನಗುವುದು ಹೇಗೆ?

ಇನ್ನೊಂದು ಸುತ್ತದಲ್ಲಿ ಎರಡು ಬಾಣಗಳ ಮಾತಿದೆ. ನೋವಿನ ಬಾಣ ಒಂದು ಚುಚ್ಚುತ್ತದೆ. ಆ ನೋವಿಗೆ ಗೋಳಾಡುವ ಮನಸ್ಸು ತನಗೆ ತಾನೇ ಎರಡನೇ ಬಾಣ ಹೊಡೆದುಕೊಳ್ಳುತ್ತದೆ. ಫೋಬಿಯಾ ಇರುವವರಿಗೆ ಭಯ ಮೊದಲ ಬಾಣ, ನಾಚಿಕೆ ಎರಡನೆಯದು. ಆವತ್ತು ಗುಹೆಯ ಬಾಗಿಲಲ್ಲಿ ಎರಡನೇ ಬಾಣವನ್ನು ಕೈಗೆತ್ತಿ ಕೊಟ್ಟವರು ನಾವೇ, ಸುತ್ತ ನಿಂತು ನಕ್ಕ ಬಳಗದವರು.

ಈ ಭಯ ಎಲ್ಲಿಂದ ಬರುತ್ತದೆ? ಒಂದೇ ಕಾರಣವಿಲ್ಲ. ಹುಟ್ಟುಗುಣವಿರಬಹುದು, ಹಿಂದೆ ಆದ ಆಘಾತವಿರಬಹುದು, ದೊಡ್ಡವರನ್ನು ನೋಡಿ ಕಲಿತದ್ದೂ ಇರಬಹುದು. 1920ರಲ್ಲಿ ಅಮೆರಿಕದಲ್ಲಿ ವಾಟ್ಸನ್ ಮತ್ತು ರೇನರ್ ಎಂಬಿಬ್ಬರು ಆಲ್ಬರ್ಟ್ ಎಂದು ಕರೆದ ಒಂದು ಕೂಸಿನ ಮೇಲೆ ಪ್ರಯೋಗ ಮಾಡಿದರು. ಮಗು ಬಿಳಿ ಇಲಿಯ ಜೊತೆ ಆಡುವವನು. ಇಲಿ ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೆಲವೇ ಸಲಕ್ಕೆ ಮಗು ಇಲಿ ಕಂಡರೆ ಅಳತೊಡಗಿತು, ಆಮೇಲೆ ಮೊಲ ಕಂಡರೂ, ತುಪ್ಪಳದ ಕೋಟು ಕಂಡರೂ ಹೆದರಿತು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಇಂಥ ಪ್ರಯೋಗಕ್ಕೆ ಇವತ್ತು ಯಾರೂ ಅನುಮತಿ ಕೊಡುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ! ಊಟ ಮಾಡದಿದ್ದರೆ ಗುಮ್ಮ ಬರ್ತಾನೆ, ಗಲಾಟೆ ಮಾಡಿದರೆ ಕತ್ತಲೆ ಕೋಣೆಗೆ ಹಾಕ್ತೀನಿ, ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ. ಗೋಡೆ ಮೇಲೆ ಬುದ್ಧರ ಫೋಟೋ, ಬಾಯಲ್ಲಿ ಗುಮ್ಮ. ಇದರ ಬಗ್ಗೆ ಮಹಿಳಾ ಸಭೆಯಲ್ಲಿ ಬೇರೆಯಾಗಿ ಮಾತಾಡೋಣ.

ಭಯ ಹುಟ್ಟುವುದಕ್ಕಿಂತ ಅದು ಬೆಳೆಯುವ ಬಗೆ ಮುಖ್ಯ. ಹೆದರಿದವರು ಆ ಜಾಗ ಬಿಟ್ಟು ಓಡುತ್ತಾರೆ. ಓಡಿದ ಕೂಡಲೇ ಎದೆ ಹಗುರಾಗುತ್ತದೆ. ಮನಸ್ಸು ಅಲ್ಲೊಂದು ತಪ್ಪು ಪಾಠ ಕಲಿಯುತ್ತದೆ: ಓಡಿದ್ದಕ್ಕೇ ಬದುಕಿದೆ. ಮುಂದಿನ ಸಲ ಇನ್ನೂ ಬೇಗ ಓಡುತ್ತದೆ. ಕೊಳವೆಯೊಳಗೆ ಹತ್ತು ನಿಮಿಷ ಇದ್ದಿದ್ದರೆ ಭಯ ಏರಿ ಏರಿ ತಾನೇ ಇಳಿಯುತ್ತಿತ್ತು ಎಂಬುದನ್ನು ನೋಡುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮನೆಯವರು ಪ್ರೀತಿಯಿಂದ ಇದಕ್ಕೆ ನೀರೆರೆಯುತ್ತಾರೆ. ನಾಯಿಗೆ ಹೆದರುವ ಮಗಳಿಗಾಗಿ ಅಮ್ಮ ಸುತ್ತುದಾರಿಯಲ್ಲಿ ಶಾಲೆಗೆ ಬಿಡುತ್ತಾಳೆ, ಸ್ಕ್ಯಾನಿಗೆ ಹೆದರುವ ಹೆಂಡತಿಗೆ ಗಂಡ ಸ್ಕ್ಯಾನೇ ಬೇಡ ಅನ್ನುತ್ತಾನೆ.

ಇಲ್ಲಿ ನನ್ನನ್ನು ನಿಜವಾಗಿ ಕಾಡಿದ ನೈತಿಕ ಪ್ರಶ್ನೆ ಇದೆ. ಹೆದರುವವರನ್ನು ಭಯದಿಂದ ತಪ್ಪಿಸುವುದು ಕರುಣೆಯೇ? ಮೇಲುನೋಟಕ್ಕೆ ಹೌದು. ಎದುರಿಗೆ ಒಬ್ಬರು ನಡುಗುತ್ತಿರುವಾಗ "ಬಾ, ಹೋಗೋಣ" ಎನ್ನದಿದ್ದರೆ ಮನುಷ್ಯರೇ ಅಲ್ಲ. ಆದರೆ ಹಾಗೆ ತಪ್ಪಿಸುತ್ತಾ ಹೋದರೆ ಅವರ ಲೋಕ ದಿನೇ ದಿನೇ ಸಣ್ಣದಾಗುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಗುಂಪಿದೆ, "ಒಂದು ಸಲ ತಳ್ಳಿಬಿಡಿ, ಸರಿಹೋಗುತ್ತೆ" ಎನ್ನುವವರದು. ಈಜು ಬಾರದವನನ್ನು ಬಾವಿಗೆ ತಳ್ಳುವ ವಿದ್ಯೆ. ಕೆಲವರು ಈಜು ಕಲಿತಿರಬಹುದು. ಹಲವರು ಜೀವಮಾನವಿಡೀ ಬಾವಿಯ ಹತ್ತಿರ ಸುಳಿದಿಲ್ಲ, ತಳ್ಳಿದವರನ್ನೂ ನಂಬಿಲ್ಲ. ತಪ್ಪಿಸುವುದು ಕರುಣೆಯ ವೇಷ, ತಳ್ಳುವುದು ಧೈರ್ಯದ ವೇಷ. ಎರಡರ ನಡುವೆ ಏನಿದೆ?

ಮಜ್ಝಿಮ ನಿಕಾಯದ ನಾಲ್ಕನೆಯ ಸುತ್ತ, ಭಯಭೇರವ ಸುತ್ತ, ಇದಕ್ಕೆ ಉತ್ತರ ಕೊಡುತ್ತದೆ. ಈ ಸುತ್ತವನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ನಾವು ಬುದ್ಧರನ್ನು ಹುಟ್ಟಿನಿಂದಲೇ ಭಯವಿಲ್ಲದವರಂತೆ ಚಿತ್ರಿಸಿಕೊಂಡಿದ್ದೇವೆ.

ಶ್ರಾವಸ್ತಿಯ ಜೇತವನಕ್ಕೆ ಜಾಣುಸ್ಸೋಣಿ ಎಂಬ ಬ್ರಾಹ್ಮಣ ಬಂದು, ಕಾಡಿನಲ್ಲಿ ಒಂಟಿಯಾಗಿರುವುದು ಬಹಳ ಕಷ್ಟವಲ್ಲವೇ ಎಂದು ಕೇಳುತ್ತಾನೆ. ಭಗವಾನರು ಹೌದು ಎನ್ನುತ್ತಾರೆ. ಬೋಧಿ ಪಡೆಯುವ ಮೊದಲು ನನಗೂ ಹಾಗೇ ಅನ್ನಿಸಿತ್ತು ಎನ್ನುತ್ತಾರೆ. ಆಮೇಲೆ ತಾವು ಮಾಡಿದ್ದನ್ನು ಹೇಳುತ್ತಾರೆ. ಮೊದಲು ತಮ್ಮ ನಡತೆಯನ್ನು ತಾವೇ ಪರೀಕ್ಷಿಸಿಕೊಂಡರು: ಈ ಭಯಕ್ಕೆ ನನ್ನೊಳಗೇ ಕಾರಣವಿದೆಯೇ, ನನ್ನ ಮಾತು, ಕೆಲಸ, ಬದುಕುವ ಬಗೆ ಸರಿಯಿದೆಯೇ? ಸರಿಯಿದೆ ಎಂದು ಕಂಡ ಮೇಲೆ ಒಂದು ನಿರ್ಧಾರ ಮಾಡಿದರು. ಪಕ್ಷದ ಎಂಟನೇ, ಹದಿನಾಲ್ಕನೇ, ಹದಿನೈದನೇ ರಾತ್ರಿಗಳಲ್ಲಿ, ಜನ ಹೆದರಿ ದೂರವಿರುವ ತೋಪು, ಕಾಡು, ಮರದಡಿಯ ಗುಡಿಗಳಿಗೆ ಬೇಕೆಂದೇ ಹೋಗಿ ತಂಗಿದರು. ಅಲ್ಲಿ ಜಿಂಕೆಯೊಂದು ಸುಳಿಯುತ್ತಿತ್ತು, ನವಿಲು ಕಡ್ಡಿಯೊಂದನ್ನು ಬೀಳಿಸುತ್ತಿತ್ತು, ಗಾಳಿಗೆ ತರಗೆಲೆ ಸರಸರ ಎನ್ನುತ್ತಿತ್ತು. ಇದೇ ಆ ಭಯ ಬರುತ್ತಿರುವುದು ಅನ್ನಿಸುತ್ತಿತ್ತು.

ಮುಂದಿನದು ನನಗೆ ಈ ಸುತ್ತದ ಜೀವ. ನಾನು ಯಾಕೆ ಸದಾ ಭಯದ ದಾರಿ ಕಾಯುತ್ತಾ ಕೂರಬೇಕು, ಅದು ಯಾವ ಭಂಗಿಯಲ್ಲಿ ಬಂತೋ ಅದೇ ಭಂಗಿಯಲ್ಲಿದ್ದು ಅದನ್ನು ಕಳೆಯಬಾರದೇಕೆ ಎಂದು ಯೋಚಿಸಿದರಂತೆ. ನಡೆಯುತ್ತಿರುವಾಗ ಭಯ ಬಂದರೆ ನಿಲ್ಲಲಿಲ್ಲ, ಕೂರಲಿಲ್ಲ, ಮಲಗಲಿಲ್ಲ. ನಡೆಯುತ್ತಲೇ ಇದ್ದರು, ಅದು ಇಳಿಯುವ ತನಕ. ನಿಂತಿರುವಾಗ ಬಂದರೆ ನಿಂತೇ ಇದ್ದರು. ಕೂತಾಗ ಬಂದರೆ ಕೂತೇ, ಮಲಗಿದಾಗ ಬಂದರೆ ಮಲಗಿಯೇ.

ಗಮನಿಸಿ ಬಂಧುಗಳೇ, ಭಯ ಬರಲಿಲ್ಲ ಎಂದು ಅವರು ಎಲ್ಲೂ ಹೇಳುವುದಿಲ್ಲ. ಬಂತು ಎನ್ನುತ್ತಾರೆ. ಅದನ್ನು ಬೈಯಲಿಲ್ಲ, ಅದಕ್ಕೆ ನಾಚಲಿಲ್ಲ, ಮಂತ್ರ ಹೇಳಿ ಓಡಿಸಲಿಲ್ಲ, ಯಾರನ್ನೋ ಕೂಗಿ ಕರೆಯಲಿಲ್ಲ. ಅದರ ಜೊತೆಗಿದ್ದರು, ಅದರ ಮಾತು ಕೇಳಲಿಲ್ಲ. ಇನ್ನೂ ಒಂದು: ತಳ್ಳಿದವರು ಯಾರೂ ಇರಲಿಲ್ಲ. ಜಾಗ, ದಿನ ಎಲ್ಲವನ್ನೂ ಆರಿಸಿಕೊಂಡವರು ಅವರೇ.

ಈಗಿನ ಚಿಕಿತ್ಸೆಗೆ ಬರೋಣ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಃಶಾಸ್ತ್ರಜ್ಞೆ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮೂರು ವರ್ಷವೂ ತುಂಬದ ಹುಡುಗನ ಭಯ ಬಿಡಿಸಿದ ಬಗೆಯನ್ನು ಪ್ರಕಟಿಸಿದರು. ಹುಡುಗ ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ಅವನು ಸಹಿಸಿಕೊಂಡಷ್ಟು ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಮುಟ್ಟಿದ. 1958ರಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಇದೇ ದಾರಿಯನ್ನು ದೊಡ್ಡವರಿಗಾಗಿ ಪುಸ್ತಕ ಮಾಡಿ ಕೊಟ್ಟರು. ಭಯಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಮೆಟ್ಟಿಲು ಮಾಡುವುದು, ಒಂದೊಂದೇ ಹತ್ತುವುದು, ಇಳಿಯುವ ತನಕ ಆ ಮೆಟ್ಟಿಲಲ್ಲೇ ಇರುವುದು. ಇವತ್ತು ಎಕ್ಸ್‌ಪೋಶರ್ ಥೆರಪಿ ಎಂದು ಕರೆಯುವ ಇದೇ ಫೋಬಿಯಾಕ್ಕೆ ಮುಖ್ಯ ಚಿಕಿತ್ಸೆ. ಕೆಲವು ಬಗೆಯ ಆತಂಕಗಳಿಗೆ ಔಷಧವೂ ಬೇಕಾಗುತ್ತದೆ, ಅದನ್ನು ಮನೋವೈದ್ಯರು ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನಿದ್ದೆ ಮಾತ್ರೆ ಬೇಡ, ಅದು ಅಂಟಿಕೊಳ್ಳುತ್ತದೆ.

ರಕ್ತ, ಸೂಜಿ ಕಂಡರೆ ಮೂರ್ಛೆ ಹೋಗುವವರ ವಿಷಯ ಮಾತ್ರ ಸ್ವಲ್ಪ ಬೇರೆ. ಉಳಿದ ಭಯಗಳಲ್ಲಿ ರಕ್ತದೊತ್ತಡ ಏರಿದರೆ ಇದರಲ್ಲಿ ಏರಿ ಫಕ್ಕನೆ ಇಳಿಯುತ್ತದೆ. ಅವರಿಗೆ ಮೈ ಸಡಿಲ ಬಿಡಿ ಎನ್ನಬಾರದು, ಕೈಕಾಲು ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದನ್ನು ಕಲಿಸುತ್ತಾರೆ. ನಮ್ಮಲ್ಲಿ ರಕ್ತದಾನ ಶಿಬಿರಕ್ಕೆ ಬಂದು ಬಾಗಿಲಿನಿಂದಲೇ ವಾಪಸಾಗುವ ಹುಡುಗರು ಇದನ್ನು ತಿಳಿದಿರಲಿ.

ಇಲ್ಲೊಂದು ಮಾತು. "ನೋಡಿ, ಎಲ್ಲಾ ವಿಜ್ಞಾನವೂ ಎರಡೂವರೆ ಸಾವಿರ ವರ್ಷದ ಹಿಂದೆಯೇ ತ್ರಿಪಿಟಕದಲ್ಲಿತ್ತು" ಎಂದು ಇದನ್ನು ಫಾರ್ವರ್ಡ್ ಮಾಡಬೇಡಿ. ಆ ಚಾಳಿಯನ್ನು ವೇದದವರಿಗೆ ಬಿಡೋಣ. ಭಗವಾನರು ಬಯಸಿದ್ದು ದುಃಖದಿಂದ ಬಿಡುಗಡೆ. ವೋಲ್ಪೆ ಬಯಸಿದ್ದು ತನ್ನ ರೋಗಿ ನೆಮ್ಮದಿಯಾಗಿ ಬದುಕಲಿ ಎಂದು. ಗುರಿ ಬೇರೆ. ಆದರೆ ಭಯದ ಸ್ವಭಾವ ಒಂದೇ ಆದ್ದರಿಂದ, ಅದನ್ನು ಪ್ರಾಮಾಣಿಕವಾಗಿ ನೋಡಿದ ಇಬ್ಬರಿಗೂ ಒಂದೇ ಸಂಗತಿ ಕಂಡಿತು: ಓಡದಿದ್ದರೆ ಅದು ಇಳಿಯುತ್ತದೆ.

ಹಾಗಾದರೆ ಕರುಣೆ ಏನು ಮಾಡಬೇಕು? ಪಕ್ಕದಲ್ಲಿರಬೇಕು. ನಮ್ಮ ತಂಗಿ ಈಗ ಆಪ್ತ ಸಮಾಲೋಚಕರೊಬ್ಬರ ಬಳಿ ಹೋಗುತ್ತಿದ್ದಾಳೆ. ಅವರು ಅವಳಿಂದಲೇ ಪಟ್ಟಿ ಮಾಡಿಸಿದರು. ಯಾವುದು ಎಷ್ಟು ಭಯ, ನೂರಕ್ಕೆ ಎಷ್ಟು ಅಂಕ ಎಂದು. ನಾನು ಮೇಡಂ ಆದ್ದರಿಂದ ನನಗೆ ಈ ಅಂಕದ ಲೆಕ್ಕ ಬಹಳ ಹಿಡಿಸಿತು! ಸ್ಕ್ಯಾನ್ ಕೋಣೆಯ ಫೋಟೋ ನೋಡುವುದಕ್ಕೆ ಇಪ್ಪತ್ತು. ಬಚ್ಚಲಮನೆಯ ಬಾಗಿಲು ಹಾಕಿ ಕೂರುವುದಕ್ಕೆ ಮೂವತ್ತೈದು. ಮುಖದ ಮೇಲೆ ದುಪ್ಪಟಿ ಹೊದ್ದು ಮಲಗುವುದಕ್ಕೆ ಐವತ್ತು. ಮಂಚದ ಕೆಳಗೆ ಅಂಗಾತ ಮಲಗುವುದಕ್ಕೆ ಅರವತ್ತು. ಆ ಯಂತ್ರದ ಡಬಡಬ ಸದ್ದನ್ನು ಮೊಬೈಲಿನಲ್ಲಿ ಹಾಕಿಕೊಂಡು ಅಲ್ಲೇ ಮಲಗುವುದಕ್ಕೆ ಎಂಬತ್ತು. ಕೊಳವೆಗೆ ನೂರು. ಪ್ರತಿ ಮೆಟ್ಟಿಲಲ್ಲೂ ಅಂಕ ಅರ್ಧಕ್ಕೆ ಇಳಿಯುವ ತನಕ ಇರಬೇಕು. ಗಂಡನಿಗೆ ಕೊಟ್ಟ ಕೆಲಸ ಇನ್ನೂ ಕಷ್ಟದ್ದು. ಅವನು ಪಕ್ಕದಲ್ಲಿ ಕೂರಬೇಕು, "ಸಾಕು ಎದ್ದೇಳು" ಎನ್ನಬಾರದು, "ಇನ್ನೂ ಇರು" ಎಂದೂ ಒತ್ತಾಯಿಸಬಾರದು. ಮಂಚದ ಕೆಳಗೆ ಮೊದಲ ದಿನ ನಾಲ್ಕು ನಿಮಿಷ ಇದ್ದಳಂತೆ. ಈಗ ಅಲ್ಲೇ ಅರ್ಧ ಗಂಟೆ ಮಲಗಿ, ಒಂದು ದಿನ ನಿದ್ದೆಯೇ ಬಂದುಬಿಟ್ಟಿತಂತೆ.

ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿದರೆ ಅವರೂ ನೆರವಾಗುತ್ತಾರೆ. ಕೈಯಲ್ಲಿ ಒತ್ತಲು ಒಂದು ಬುರುಡೆ ಕೊಡುತ್ತಾರೆ, ಒತ್ತಿದರೆ ನಿಲ್ಲಿಸಿ ಮಾತಾಡುತ್ತಾರೆ. ತೀರಾ ಆಗದವರಿಗೆ ವೈದ್ಯರ ನಿಗಾದಲ್ಲಿ ಸಮಾಧಾನದ ಔಷಧ ಕೊಡುವುದೂ ಇದೆ. ಹೇಳಲು ನಾಚಿಕೆ ಬೇಡ.

ಇಷ್ಟು ಬರೆದು ನಿಲ್ಲಿಸಿದರೆ ಅಂಬೇಡ್ಕರರ ಮಕ್ಕಳಾದ ನಮಗೆ ಅರ್ಧ ಮಾತೇ ಹೇಳಿದಂತಾಗುತ್ತದೆ. ಯಾಕೆಂದರೆ ನಮ್ಮ ಭಯಗಳೆಲ್ಲ ಫೋಬಿಯಾ ಅಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಬರೋಡಾದ ಪಾರ್ಸಿ ವಸತಿಗೃಹದ ಪ್ರಸಂಗ ನೆನಪಿರಬಹುದು. ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ಊರಿನಲ್ಲಿ ಯಾರೂ ಮನೆ ಕೊಡಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಆ ವಸತಿಗೃಹದ ಮಹಡಿಯಲ್ಲಿ ಒಬ್ಬರೇ ಉಳಿದರು. ವಿದ್ಯುತ್ ಇಲ್ಲ, ಒಂದು ಸಣ್ಣ ಲಾಂದ್ರ. ಕತ್ತಲಲ್ಲಿ ಬಾವಲಿಗಳು ಹಾರಾಡುತ್ತಿದ್ದವು, ಆ ಸದ್ದಿಗೆ ಮೈಯೆಲ್ಲ ತಣ್ಣಗೆ ನಡುಗುತ್ತಿತ್ತು ಎಂದು ಅವರೇ ಬರೆದಿದ್ದಾರೆ. ಮುಚ್ಚಿಡಲಿಲ್ಲ. ಪುಸ್ತಕದಲ್ಲಿ ಮುಳುಗಿ ಅದನ್ನು ಮರೆಯಲು ನೋಡಿದರು, ದಿನ ಕಳೆದರು. ಹನ್ನೊಂದನೆಯ ದಿನ ಬೆಳಿಗ್ಗೆ ಹನ್ನೆರಡು ಜನ ಪಾರ್ಸಿಗಳು ಕೈಯಲ್ಲಿ ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದರು.

ಒಂದೇ ಮನೆ, ಎರಡು ಭಯ. ಬಾವಲಿಯ ಭಯದ ಜೊತೆ ಇದ್ದುಬಿಡಬಹುದು, ಅದು ಏನೂ ಮಾಡುವುದಿಲ್ಲ. ದೊಣ್ಣೆಯ ಭಯ ಹಾಗಲ್ಲ. ಅದು ಕಣ್ಣು ಕಂಡ ಸತ್ಯ. ಅದಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಡುವವನು ದೊಣ್ಣೆ ಹಿಡಿದವನ ಪಕ್ಷದವನು. ಅದಕ್ಕೆ ಬೇಕಾದದ್ದು ಮಹಾಡದ ಕೆರೆ, ಸಂವಿಧಾನ, ದೌರ್ಜನ್ಯ ತಡೆ ಕಾಯ್ದೆ, ಸಂಘಟನೆ. ಕೆಲವರು ನಮ್ಮ ಹುಡುಗರಿಗೆ "ನಿಮಗೆ ಕೀಳರಿಮೆ, ಅದಕ್ಕೇ ಎಲ್ಲದರಲ್ಲೂ ಜಾತಿ ಕಾಣುತ್ತೆ" ಎಂದು ಹೇಳುತ್ತಾರಲ್ಲ, ಅವರು ದೊಣ್ಣೆಯನ್ನು ಬಾವಲಿ ಎಂದು ತೋರಿಸುವವರು.

ಆದರೆ ಗೆರೆ ಯಾವಾಗಲೂ ಇಷ್ಟು ಸ್ಪಷ್ಟ ಇರುವುದಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಪಾಠವನ್ನು ಗಟ್ಟಿಯಾಗಿ ಓದಲು ಎದ್ದು ನಿಂತರೆ ಬೆವರುತ್ತಾನೆ, ಗಂಟಲು ಕಟ್ಟುತ್ತದೆ. ಓದಲು ಬರುತ್ತದೆ, ಒಬ್ಬನೇ ಇದ್ದಾಗ ಚೆನ್ನಾಗಿ ಓದುತ್ತಾನೆ. ವಿಚಾರಿಸಿದರೆ, ಹಿಂದಿನ ವರ್ಷ ಅವನ ಮನೆಮಾತಿನ ಉಚ್ಚಾರಕ್ಕೆ ಮಕ್ಕಳು ಕೇರಿಯ ಹೆಸರು ಹಿಡಿದು ನಕ್ಕಿದ್ದರು. ಆಗ ಅದು ನಿಜವಾದ ಪೆಟ್ಟು. ಈ ವರ್ಷ ನಗುವವರಿಲ್ಲ, ಆದರೂ ಗಂಟಲು ಕಟ್ಟುತ್ತದೆ. ದೊಣ್ಣೆ ಹೋಗಿದೆ, ಬಾವಲಿ ಉಳಿದಿದೆ. ನಮ್ಮ ಎಷ್ಟೋ ಜನರ ಸ್ಥಿತಿ ಇದೇ. ಹೋಟೆಲಿಗೆ ಹೋದರೆ ಬಾಗಿಲ ಹತ್ತಿರದ ಟೇಬಲ್ಲನ್ನೇ ಹುಡುಕುವ ನಮ್ಮ ಅಪ್ಪಂದಿರು, ಆಫೀಸಿನಲ್ಲಿ ಸಹಿ ಹಾಕುವಾಗ ಕೈ ನಡುಗುವ ಅಣ್ಣಂದಿರು. ಅಂಥವರಿಗೆ ಎರಡೂ ಬೇಕು, ಮತ್ತು ಈ ಕ್ರಮದಲ್ಲೇ ಬೇಕು: ಮೊದಲು ನಗು ನಿಲ್ಲಬೇಕು, ಆಮೇಲೆ ಮೆಟ್ಟಿಲು. ನಗು ನಿಲ್ಲಿಸದೆ ಮಗುವಿಗೆ ಧೈರ್ಯ ಕಲಿಸಹೊರಡುವುದು ಕ್ರೌರ್ಯ. ನಗು ನಿಂತ ಮೇಲೂ ಮೆಟ್ಟಿಲು ಕೊಡದಿದ್ದರೆ, ಹಳೆಯ ಅವಮಾನ ಅವನೊಳಗೆ ಬಾಡಿಗೆ ಇಲ್ಲದೆ ಉಳಿದುಬಿಡುತ್ತದೆ. ಆ ಹುಡುಗ ಈಗ ಮೊದಲು ನನಗೊಬ್ಬಳಿಗೆ, ಆಮೇಲೆ ಇಬ್ಬರು ಗೆಳೆಯರಿಗೆ ಓದಿ ತೋರಿಸುತ್ತಿದ್ದಾನೆ. ಕನ್ನಡದ ಳ ಅಕ್ಷರವನ್ನು ನಮ್ಮ ಸ್ಟಾಫ್ ರೂಮಿನ ಅರ್ಧ ಜನಕ್ಕಿಂತ ಚೆನ್ನಾಗಿ ಉಚ್ಚರಿಸುತ್ತಾನೆ, ಅದು ಬೇರೆ ಮಾತು.

ಯಾವುದು ದೊಣ್ಣೆ, ಯಾವುದು ಬಾವಲಿ ಎಂದು ತಿಳಿಯುವುದು ಹೇಗೆ? ಅದಕ್ಕೂ ಭಯಭೇರವ ಸುತ್ತದಲ್ಲೇ ಒಂದು ಮಾತಿದೆ. ಕೆಲವರು ರಾತ್ರಿಯನ್ನು ಹಗಲೆಂದೂ ಹಗಲನ್ನು ರಾತ್ರಿಯೆಂದೂ ಭಾವಿಸುತ್ತಾರೆ, ನಾನು ರಾತ್ರಿಯನ್ನು ರಾತ್ರಿಯೆಂದೇ, ಹಗಲನ್ನು ಹಗಲೆಂದೇ ಕಾಣುತ್ತೇನೆ ಎನ್ನುತ್ತಾರೆ ಭಗವಾನರು. ಇದು ಒಬ್ಬರೇ ಕೂತು ಮಾಡುವ ಕೆಲಸವಲ್ಲ. ಹೆದರಿದ ಮನಸ್ಸಿಗೆ ಎಲ್ಲವೂ ರಾತ್ರಿಯೇ. ಅದಕ್ಕೇ ಬಳಗ ಬೇಕು, ಗೆಳೆಯರು ಬೇಕು, ಬೇಕಾದಾಗ ವೈದ್ಯರು ಬೇಕು.

ಧ್ಯಾನ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಆನಾಪಾನ ಎಷ್ಟೋ ಜನರಿಗೆ ನೆರವಾಗುತ್ತದೆ. ಆದರೆ ಉಸಿರು ಕಟ್ಟುವ ಗಾಬರಿ ಇರುವ ಕೆಲವರಿಗೆ ಉಸಿರನ್ನೇ ನೋಡುತ್ತಾ ಕೂತರೆ ಗಾಬರಿ ಹೆಚ್ಚಾಗುವುದೂ ಉಂಟು. ಹತ್ತು ದಿನದ ವಿಪಸ್ಸನ ಶಿಬಿರದ ಅರ್ಜಿಯಲ್ಲೇ ಮಾನಸಿಕ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ಕೇಳುವುದಕ್ಕೆ ಕಾರಣವಿದೆ, ನಿಜ ಬರೆಯಿರಿ. ಚಿಕಿತ್ಸೆಯ ಜೊತೆ ಧ್ಯಾನ ಇರಲಿ, ಅದರ ಬದಲಿಗೆ ಬೇಡ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ನಾವು ಹೋದಾಗಲೆಲ್ಲ ಅಶೋಕ ಚಕ್ರವರ್ತಿಯ ಶಾಸನದ ಮುಂದೆ ಕೈಮುಗಿದು, ಫೋಟೋ ತೆಗೆಸಿಕೊಂಡು ಬರುತ್ತೇವೆ. ಅದರಲ್ಲಿ ಏನಿದೆ ಎಂದು ಓದುವುದು ಕಡಿಮೆ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲ ಒಂದು ವರ್ಷ ನಾನು ಹೇಳಿಕೊಳ್ಳುವಂಥ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಮಾಡುತ್ತಿದ್ದೇನೆ ಎಂದು ಅಷ್ಟು ದೊಡ್ಡ ಚಕ್ರವರ್ತಿ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರೂ ಪ್ರಯತ್ನದಿಂದ ಪಡೆಯಬಲ್ಲರು ಎಂದೂ ಇದೆ. ದೀಕ್ಷೆ ತಗೊಂಡ ಮೇಲೂ ಭಯ ಯಾಕೆ ಎಂದು ಕೇಳಿದ ಅಣ್ಣನಿಗೆ ನನ್ನ ಉತ್ತರ ಆ ಬಂಡೆಯ ಮೇಲಿದೆ. ದೀಕ್ಷೆ ಒಂದು ದಿನದ್ದು, ಪ್ರಯತ್ನಕ್ಕೆ ಅವನಿಗೂ ವರ್ಷಗಳು ಹಿಡಿದವು.

ಇನ್ನು ಉಪಯೋಗದ ಮಾತು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿಲ್ಲ. ಮನೋವೈದ್ಯಕೀಯವನ್ನು ಬೆಂಗಳೂರಿನಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದು ಎಂದು ನಿಮ್ಹಾನ್ಸ್‌ನವರು ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ, 1985ರಿಂದ. ಅದೇ ಮಾದರಿಯಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಕಾಯ್ದೆಯ ಪ್ರಕಾರ ನಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮನಸ್ ಸಂಖ್ಯೆ 14416. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಗೆ ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಜೊತೆಗೆ ಬರುತ್ತೇನೆ. ಗ್ರೂಪಿನಲ್ಲಿ ಹೆಸರು ಹಾಕಬೇಡಿ.

ನಾಳೆಯ ಚಿಂತನೆ ಹಿರಿಯೂರಿನ ಸೋದರರದು.

ನಮೋ ಬುದ್ಧಾಯ. ಜೈ ಭೀಮ್.